ಊರಿನಿಂದ ಗೆಳೆಯರು ಬಂದಾಗ: ಗ್ರೇಟರ್ ನೋಯ್ಡಾದಿಂದ ಅರಾವಳಿಗೆ ಒಂದು ವಾರಾಂತ್ಯ

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ದೆಹಲಿಯ ಸುತ್ತ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಒಂದು ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. ‘ಮಕ್ಕಳಿಗೆ ರಜೆ, ಮೂರು ಮನೆಯವರು ಒಟ್ಟಿಗೆ ಬರೋಣ ಅಂತಿದ್ದೀವಿ. ತಾಜ್‌ಮಹಲು, ಕೆಂಪುಕೋಟೆ ಎಲ್ಲ ನೋಡಿ ಆಗಿದೆ. ಈ ಸಲ ಎಲ್ಲಾದರೂ ಬೆಟ್ಟ ಹತ್ತಿಸಿ.’ ಕುದುರೆಮುಖ, ಕುಮಾರಪರ್ವತ ಹತ್ತಿದ ಮಂದಿ ಹೀಗೆ ಕೇಳಿದರೆ ಗ್ರೇಟರ್ ನೋಯ್ಡಾದವರು ಏನು ಹೇಳಬೇಕು? ಯಮುನೆಗೂ ಗಂಗೆಗೂ ನಡುವಿನ ಈ ಮೆಕ್ಕಲು ಬಯಲಿನಲ್ಲಿ ಎತ್ತರ ಅಂತ ಕಾಣುವುದು ಫ್ಲೈಓವರು ಮತ್ತು ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟುಗಳು ಮಾತ್ರ.

ಆದರೂ ಚಾರಣ ಸಾಧ್ಯ, ಅದೂ ಒಳ್ಳೆಯ ಚಾರಣ. ಇಲ್ಲಿ ಕಷ್ಟದ ಪ್ರಶ್ನೆ ಯಾವ ಬೆಟ್ಟ ಎಂಬುದಲ್ಲ. ಯಾವ ವಾರ, ದಿನದ ಯಾವ ಹೊತ್ತು ಎಂಬುದು. ಅದನ್ನು ಸರಿಯಾಗಿ ಆರಿಸಿಕೊಂಡರೆ ಮಿಕ್ಕಿದ್ದೆಲ್ಲ ಬುತ್ತಿ ಕಟ್ಟುವ, ಹಾಸಿಗೆ ಹಾಸುವ ಕೆಲಸ.

ಯಾವ ವಾರ

ಮುಂಗಾರು ದೆಹಲಿ ಪ್ರದೇಶದಿಂದ ಸಾಮಾನ್ಯವಾಗಿ ಸೆಪ್ಟೆಂಬರ್ 25ರ ಆಸುಪಾಸಿನಲ್ಲಿ ಹಿಂದೆ ಸರಿಯುತ್ತದೆ. ಮಳೆ ತೊಳೆದ ಗಾಳಿ, ಹಸಿರು ಇನ್ನೂ ಒಣಗದ ಗುಡ್ಡ, ತಿಳಿ ಆಕಾಶ ಎಲ್ಲ ಒಟ್ಟಿಗೆ ಸಿಗುವುದು ಆಮೇಲಿನ ಮೂರು ವಾರಗಳಲ್ಲಿ. ಅಕ್ಟೋಬರ್ 20 ದಾಟಿದ ಮೇಲೆ ದಿನದಿಂದ ದಿನಕ್ಕೆ ಲೆಕ್ಕ ಬದಲಾಗುತ್ತದೆ. ದೀಪಾವಳಿ ಮುಗಿದ ವಾರದಲ್ಲಿ ಹತ್ತು ಜನರನ್ನು ಚಾರಣಕ್ಕೆ ಕರೆದೊಯ್ಯುವುದು ಜೂಜು. ಕರ್ನಾಟಕದ ಶಾಲೆಗಳ ದಸರಾ ರಜೆ ಹೆಚ್ಚಿನ ವರ್ಷ ಈ ಒಳ್ಳೆಯ ಮೂರು ವಾರಗಳಿಗೇ ತಾಗಿ ಬರುವುದು ನಮ್ಮ ಪುಣ್ಯ. ‘ದೀಪಾವಳಿಗೆ ಬರ್ತೀವಿ’ ಎನ್ನುವವರನ್ನು ದಸರೆಗೇ ಬರುವಂತೆ ಒಪ್ಪಿಸುವುದು ಆತಿಥ್ಯದ ಮೊದಲ ಹೆಜ್ಜೆ.

ಅಕ್ಟೋಬರ್ ಕೊನೆಗೆ ಗಾಳಿ ಯಾಕೆ ಕೆಡುತ್ತದೆ ಎಂಬುದನ್ನು ತಿಳಿದುಕೊಂಡರೆ ದಿನ ಗೊತ್ತು ಮಾಡುವುದು ಸುಲಭ. ಅಂತರ್ಜಲ ಕುಸಿಯುತ್ತಿದೆ ಎಂದು 2009ರಲ್ಲಿ ಪಂಜಾಬ್ ಮತ್ತು ಹರಿಯಾಣ ರಾಜ್ಯಗಳು ಕಾನೂನು ತಂದು, ಭತ್ತದ ನಾಟಿಯನ್ನು ಸುಡುಬೇಸಿಗೆಯಿಂದ ಜೂನ್ ಮಧ್ಯದ ಕಡೆಗೆ ತಳ್ಳಿದವು. ನಾಟಿ ಮುಂದೆ ಹೋದಂತೆ ಕಟಾವೂ ಅಕ್ಟೋಬರ್ ಕೊನೆಗೆ ಸರಿಯಿತು. ಗೋಧಿ ಬಿತ್ತನೆಗೆ ಉಳಿಯುವುದು ಎರಡು ಮೂರು ವಾರ. ಯಂತ್ರ ಕೊಯ್ದುಬಿಟ್ಟ ಕೂಳೆಯನ್ನು ಕೀಳುವುದಕ್ಕೆ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಬೆಂಕಿ ಇಟ್ಟರೆ ಸಂಜೆಯೊಳಗೆ ಹೊಲ ತೆರವು. ಮುಂಗಾರು ಹೋದ ಮೇಲೆ ಗಾಳಿ ವಾಯವ್ಯದಿಂದ ಬೀಸುವುದರಿಂದ ಆ ಹೊಗೆ ನೇರ ಇತ್ತ ಬರುತ್ತದೆ. ಇಲ್ಲಿ ಮೊದಲೇ ಇರುವ ವಾಹನದ ಹೊಗೆ, ಕಟ್ಟಡ ಕೆಲಸದ ದೂಳು ಅದಕ್ಕೆ ಜೊತೆಯಾಗುತ್ತವೆ. ರೈತನೊಬ್ಬನನ್ನೇ ಬೈಯುವುದು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತವರಿಗೆ ಸುಲಭ, ಅಷ್ಟೆ.

ಇನ್ನು ಚಳಿಯ ವಿಷಯ. ದೆಹಲಿ ಎಂದಕೂಡಲೇ ಸ್ವೆಟರು ತುಂಬಿಕೊಂಡು ಬರುತ್ತಾರೆ. ಅಕ್ಟೋಬರ್ ಮಧ್ಯದಲ್ಲಿ ಇಲ್ಲಿಯ ಮಧ್ಯಾಹ್ನ 33 ಡಿಗ್ರಿಯ ಆಜುಬಾಜು ಇರುತ್ತದೆ, ಬೆಂಗಳೂರಿನದಕ್ಕಿಂತ ಖಾರ. ರಾತ್ರಿ 20ರ ಕೆಳಗೆ ಇಳಿದರೂ ಒಂದು ತೆಳು ಹೊದಿಕೆ ಸಾಕು. ಸ್ವೆಟರಿನ ಜಾಗದಲ್ಲಿ ಟೋಪಿ, ತುಂಬುತೋಳಿನ ಅಂಗಿ ತರಲು ಹೇಳಿ.

ಯಾವ ಹೊತ್ತು

ಬೆಟ್ಟಕ್ಕೆ ನಸುಕಿನಲ್ಲೇ ಹೊರಡಬೇಕು ಎನ್ನುವುದು ನಮ್ಮ ಕಡೆಯ ಶಿಸ್ತು. ಅಕ್ಟೋಬರ್ ಮೊದಲರ್ಧದಲ್ಲಿ ಇಲ್ಲಿಗೂ ಅದೇ ಸರಿ. ತಿಂಗಳ ನಡುವಿನಲ್ಲಿ ಸೂರ್ಯ ಹುಟ್ಟುವುದು 6 ಗಂಟೆ 20 ನಿಮಿಷದ ಸುಮಾರಿಗೆ, ಮುಳುಗುವುದು 6ಕ್ಕೆ ಹತ್ತು ನಿಮಿಷ ಮುಂಚೆ. ಐದು ಗಂಟೆಗೆ ಮನೆ ಬಿಟ್ಟರೆ ಬೆಳಕು ಹರಿಯುವ ಹೊತ್ತಿಗೆ ಅರಾವಳಿಯ ಬುಡದಲ್ಲಿರಬಹುದು. ಹತ್ತೂವರೆ ಹನ್ನೊಂದಕ್ಕೆ ಬಿಸಿಲು ಚುರುಗುಟ್ಟುವ ಮುನ್ನ ನಡಿಗೆ ಮುಗಿದಿರುತ್ತದೆ.

ಅಕ್ಟೋಬರ್ ಕೊನೆಯ ವಾರದಿಂದ ಈ ಶಿಸ್ತು ತಲೆಕೆಳಗಾಗುತ್ತದೆ. ಇದನ್ನು ಅತಿಥಿಗಳಿಗೆ ಮೊದಲೇ ವಿವರಿಸಿ ಹೇಳದಿದ್ದರೆ ನಿಮ್ಮನ್ನು ಸೋಮಾರಿ ಅಂದುಕೊಳ್ಳುತ್ತಾರೆ. ರಾತ್ರಿ ನೆಲ ಬೇಗ ತಣ್ಣಗಾಗಿ, ನೆಲಕ್ಕೆ ಅಂಟಿದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರ ಕೂರುತ್ತದೆ. ಒಲೆಯ ಮೇಲೆ ಮುಚ್ಚಳ ಇಟ್ಟ ಹಾಗೆ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಮೇಲೆದ್ದು ಕಲಸಿ, ಹೊಗೆ ತೆಳುವಾಗುತ್ತದೆ. ಹಾಗಾಗಿ ಈ ದಿನಗಳಲ್ಲಿ ಗಾಳಿ ಅತಿ ಕೊಳಕಾಗಿರುವುದು ರಾತ್ರಿಯಿಂದ ಬೆಳಗಿನ ತನಕ, ಇದ್ದುದರಲ್ಲಿ ಹಗುರವಾಗಿರುವುದು ಮಧ್ಯಾಹ್ನದ ನಂತರ. ‘ಬೆಳಗಿನ ಶುದ್ಧ ಗಾಳಿ’ ಎಂಬುದನ್ನು ನಂಬಿ ನಸುಕಿಗೇ ಏದುಸಿರು ಬಿಡುತ್ತ ಗುಡ್ಡ ಹತ್ತಿದವರು ದಿನದ ಅತಿ ಕೆಟ್ಟ ಗಾಳಿಯನ್ನು ದುಪ್ಪಟ್ಟು ಮುಪ್ಪಟ್ಟು ಎಳೆದುಕೊಂಡಿರುತ್ತಾರೆ. ನವೆಂಬರ್‌ನಲ್ಲಿ ನಡೆಯಲೇಬೇಕಾದರೆ ಹನ್ನೊಂದರಿಂದ ಮೂರರ ತನಕ ನಡೆಯಿರಿ. ಐದೂವರೆಗೆ ಹೊತ್ತು ಮುಳುಗುತ್ತದೆ, ಅದಕ್ಕೆ ಮುಂಚೆ ವಾಹನದ ಬಳಿ ಇರಬೇಕು.

ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ಎಲ್ಲರೂ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡುತ್ತಾರೆ, ಆದರೆ ನೋಡುವ ಕ್ರಮದಲ್ಲಿ ಎರಡು ತೊಡಕಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನಕ್ಕೊಮ್ಮೆ ಪ್ರಕಟಿಸುವ ಅಂಕಿ ಹಿಂದಿನ 24 ಗಂಟೆಯ ಸರಾಸರಿ. ನಿಮಗೆ ಬೇಕಿರುವುದು ಈಗಿನ ಗಂಟೆಯದು. ಗ್ರೇಟರ್ ನೋಯ್ಡಾದ ನಾಲೆಡ್ಜ್ ಪಾರ್ಕ್-3 ಮತ್ತು 5ರಲ್ಲಿರುವ ಮಾಪನ ಕೇಂದ್ರಗಳ ಗಂಟೆವಾರು ಅಂಕಿಯನ್ನು ಮಂಡಳಿಯ ಸಮೀರ್ ಆ್ಯಪಿನಲ್ಲಿ ನೋಡಬಹುದು. ಎರಡನೆಯ ತೊಡಕು, ಬೆಂಗಳೂರಿನಿಂದ ಬಂದವರ ಫೋನಿನಲ್ಲಿ ಒಂದು ಸಂಖ್ಯೆ, ನಿಮ್ಮದರಲ್ಲಿ ಇನ್ನೊಂದು. ಕೆಲವು ಆ್ಯಪುಗಳು ಅಮೆರಿಕದ ಅಳತೆಗೋಲನ್ನು ಬಳಸುತ್ತವೆ. ನಮ್ಮ ಅಳತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಕಣಗಳು 60 ಮೈಕ್ರೋಗ್ರಾಂ ಇದ್ದರೆ ಸೂಚ್ಯಂಕ 100, ‘ಸಮಾಧಾನಕರ’. ಅಮೆರಿಕದ್ದರಲ್ಲಿ ಅದೇ ಗಾಳಿ 150ನ್ನು ದಾಟುತ್ತದೆ. ಜಗಳ ಬೇಡವೆಂದರೆ ಸೂಚ್ಯಂಕ ಬಿಟ್ಟು ಪಿಎಂ 2.5ರ ಮೈಕ್ರೋಗ್ರಾಂ ಅಂಕಿಯನ್ನೇ ನೋಡಿ. 60ರೊಳಗಿದ್ದರೆ ಹೊರಡಿ. 60ರಿಂದ 90ರ ತನಕ ಮಕ್ಕಳು, ಉಬ್ಬಸದವರು ಇಲ್ಲದಿದ್ದರೆ ಸಣ್ಣ ನಡಿಗೆ ಮಾಡಿ. 90 ದಾಟಿದರೆ ಮನೆಯಲ್ಲಿ ಬಿಸಿಬೇಳೆಬಾತ್ ಮಾಡಿ. ಇದು ಯಾವ ಇಲಾಖೆಯ ನಿಯಮವೂ ಅಲ್ಲ, ನನ್ನ ಲೆಕ್ಕ.

ಗಾಳಿ ತೀರ ಕೆಟ್ಟರೆ ರಸ್ತೆಯೂ ಕಟ್ಟುತ್ತದೆ. ಸೂಚ್ಯಂಕ 201ರಿಂದ ಮೇಲೆ ಗ್ರ್ಯಾಪ್ ಎಂಬ ಹಂತ ಹಂತದ ಕ್ರಮಗಳು ಜಾರಿಗೆ ಬರುತ್ತವೆ. 401 ದಾಟಿ ಮೂರನೆಯ ಹಂತ ಘೋಷಣೆಯಾದರೆ ದೆಹಲಿ ಮತ್ತು ನಮ್ಮ ಗೌತಮ ಬುದ್ಧ ನಗರ ಜಿಲ್ಲೆಯೂ ಸೇರಿದಂತೆ ಅಕ್ಕಪಕ್ಕದ ಜಿಲ್ಲೆಗಳಲ್ಲಿ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ಕಾರುಗಳು ಓಡುವಂತಿಲ್ಲ. ಗೆಳೆಯನ ಹಳೆಯ ಡೀಸೆಲ್ ಇನ್ನೋವಾ ನೆಚ್ಚಿಕೊಂಡಿದ್ದರೆ ಇದು ನೆನಪಿರಲಿ.

ಹಿಮಾಲಯವೋ ಅರಾವಳಿಯೋ

ಉತ್ತರಕ್ಕೆ ಬಂದಮೇಲೆ ಹಿಮಾಲಯವೇ ಆಗಬೇಕು ಎಂಬ ಆಸೆ ಸಹಜ. ದೆಹಲಿಯವರ ವಾರಾಂತ್ಯದ ಶಿಖರವೆಂದೇ ಹೆಸರಾದ ಉತ್ತರಾಖಂಡದ ನಾಗ್ ಟಿಬ್ಬಾ 3,022 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಹೆಚ್ಚು. ಹತ್ತುವುದು ಪಂತ್ವಾರಿ ಹಳ್ಳಿಯಿಂದ. ಚೆಂದದ ಚಾರಣವೇ, ಎರಡು ಮಾತಿಲ್ಲ. ಆದರೆ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮರಳುವ ಲೆಕ್ಕದಲ್ಲಿ ಬೆಟ್ಟದಷ್ಟೇ ಹೊತ್ತು ವಾಹನದಲ್ಲೂ ಕಳೆಯುತ್ತದೆ. ರಜೆ ಸೇರಿದ ವಾರಾಂತ್ಯವಾದರೆ ಡೆಹ್ರಾಡೂನ್, ಮಸ್ಸೂರಿ ರಸ್ತೆಯ ಸಾಲುಗಾಡಿಗಳ ಹಿಂದೆ ನಿಲ್ಲುವುದೇ ಒಂದು ಯಾತ್ರೆ. 2,500 ಮೀಟರಿನ ಮೇಲೆ ಎತ್ತರದ ತಲೆನೋವು ಕೆಲವರನ್ನು ಕಾಡುತ್ತದೆ. ಮಂಗಳೂರಿನ ಸಮುದ್ರಮಟ್ಟದಿಂದ ವಿಮಾನ ಇಳಿದು ಮರುದಿನವೇ ಹತ್ತಿಸುವುದು ಜಾಣತನವಲ್ಲ. ಮೂರು ಇಡೀ ದಿನ ಕೈಯಲ್ಲಿದ್ದರೆ ಹಿಮಾಲಯ, ಎರಡೇ ದಿನವಿದ್ದರೆ ಅರಾವಳಿ. ಊರಿನವರಿಗೆ ತಮ್ಮ ಜೊತೆ ಕೂತು ಹರಟೆ ಹೊಡೆಯುವ ನೀವು ಬೇಕಾಗಿರುವುದು, ಸ್ಟೀರಿಂಗ್ ಹಿಡಿದು ತೂಕಡಿಸುವ ನೀವಲ್ಲ.

ಅರಾವಳಿ ಎತ್ತರದಲ್ಲಿ ಬಡವ. ದೆಹಲಿಯ ದಕ್ಷಿಣಕ್ಕಿರುವ ಅದರ ಗುಡ್ಡಗಳು ನಂದಿಬೆಟ್ಟದ ಮುಂದೆ ಮರಿಗಳು. ವಯಸ್ಸಿನಲ್ಲಿ ಮಾತ್ರ ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆಯದು: ಹಿಮಾಲಯ ಏಳತೊಡಗಿ ಸುಮಾರು 5 ಕೋಟಿ ವರ್ಷ, ಇಲ್ಲಿ ಕಾಲಡಿ ಸಿಗುವ ಕ್ವಾರ್ಟ್ಜೈಟ್ ಬಂಡೆಗೆ ನೂರು ಕೋಟಿ ವರ್ಷಕ್ಕೂ ಮಿಕ್ಕಿದ ಪ್ರಾಯ.

ಗ್ರೇಟರ್ ನೋಯ್ಡಾದಿಂದ ಹತ್ತಿರವಾಗುವುದು ತುಘಲಕಾಬಾದ್ ಹಿಂದಿನ ಅಸೋಲಾ-ಭಾಟಿ ವನ್ಯಜೀವಿಧಾಮ. ಪರಿ ಚೌಕದಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಕಾಲಿಂದಿ ಕುಂಜ್‌ನಲ್ಲಿ ಯಮುನೆ ದಾಟಿದರೆ ಸುಮಾರು 40 ಕಿಲೋಮೀಟರ್. ಸುಮಾರು 32 ಚದರ ಕಿಲೋಮೀಟರಿನ ಈ ಕಾಡು ಒಂದು ಕಾಲದಲ್ಲಿ ಕೆಂಪು ಬದರ್‌ಪುರ್ ಮರಳು ತೋಡುವ ಗಣಿಯಾಗಿತ್ತು. ಗಣಿ ನಿಂತ ಮೇಲೆ ಗುಂಡಿಗಳಲ್ಲಿ ನೀರು ನಿಂತು ಕೊಳಗಳಾಗಿವೆ. ಅವುಗಳಲ್ಲಿ ಹೆಸರಾದದ್ದು ನೀಲಿ ಝೀಲ್. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರ ಇಲ್ಲೇ ಇದೆ, ಚಿಟ್ಟೆ, ಹಕ್ಕಿ ತೋರಿಸುವ ನಡಿಗೆಗಳನ್ನು ನಡೆಸುತ್ತದೆ. ಚಿರತೆಗಳ ಓಡಾಟ ಕ್ಯಾಮೆರಾಗಳಲ್ಲಿ ದಾಖಲಾಗಿರುವುದರಿಂದ ಕಂಡಕಂಡಲ್ಲಿ ನುಗ್ಗುವಂತಿಲ್ಲ. ಗುಂಪಿನ ಗಾತ್ರ ಹೇಳಿ ಅರಣ್ಯ ಇಲಾಖೆಯಿಂದ ಮುಂಚಿತವಾಗಿ ಒಪ್ಪಿಗೆ ಪಡೆಯುವುದು ಒಳ್ಳೆಯದು. 2007ರಲ್ಲಿ ಹೈಕೋರ್ಟಿನ ಆದೇಶದ ಮೇರೆಗೆ ದೆಹಲಿ ನಗರದಲ್ಲಿ ಹಿಡಿದ ಕೋತಿಗಳನ್ನು ತಂದು ಬಿಡತೊಡಗಿದ್ದು ಇದೇ ಕಾಡಿಗೆ. ಅವುಗಳ ಸಂತಾನಕ್ಕೆ ಪ್ಲಾಸ್ಟಿಕ್ ಕವರಿನ ಸರಬರ ಸದ್ದು ಬಹಳ ದೂರಕ್ಕೆ ಕೇಳಿಸುತ್ತದೆ. ತಿಂಡಿಯನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದೊಳಗಿಡಿ.

ನನ್ನ ಆಯ್ಕೆ ಕೇಳಿದರೆ ಇನ್ನೂ ಸ್ವಲ್ಪ ದೂರದ ಮಾಂಗರ್ ಬನಿ. ಗುರುಗ್ರಾಮ-ಫರೀದಾಬಾದ್ ರಸ್ತೆಯ ಪಕ್ಕ, ಹರಿಯಾಣದ ಫರೀದಾಬಾದ್ ಜಿಲ್ಲೆಯಲ್ಲಿದೆ. ಕೊಡಗಿನ ದೇವರಕಾಡುಗಳ ವಂಶಕ್ಕೇ ಸೇರಿದ್ದು ಇದು: ಮಾಂಗರ್, ಬಂಧ್ವಾಡಿ, ಬಲಿಯಾವಾಸ್ ಎಂಬ ಮೂರು ಗುಜ್ಜರ್ ಹಳ್ಳಿಗಳು ಗುದಾರಿಯಾ ದಾಸ್ ಬಾಬಾ ಎಂಬ ಸಂತನ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಬನ. ಕೊಂಬೆ ಮುರಿದವರಿಗೆ ಕೇಡು ತಪ್ಪದು ಎಂಬ ನಂಬಿಕೆ ಗಟ್ಟಿಯಾಗಿದ್ದರಿಂದಲೇ ಸುತ್ತಲಿನ ಗುಡ್ಡಗಳೆಲ್ಲ ಬೋಳಾದರೂ ಈ ಕಣಿವೆ ಉಳಿಯಿತು. ಬೇರೆಡೆ ಅರಾವಳಿಯನ್ನು ಆವರಿಸಿರುವುದು ‘ವಿಲಾಯತಿ ಕೀಕರ್’, ಅಂದರೆ ನಮ್ಮ ಬಳ್ಳಾರಿ ಜಾಲಿ. ಅದರ ನಡುವಿನಿಂದ ಹಾದು ಬನಿಯ ಅಂಚಿಗೆ ಬಂದಾಗ ಕಾಡಿನ ಬಣ್ಣವೇ ಬೇರೆಯಾಗುತ್ತದೆ. ಅದು ಧೌ ಮರದ ಸೀಮೆ, ನಮ್ಮ ದಿಂಡಿಗ ಮರದ ದಾಯಾದಿ. ನಡುನಡುವೆ ಮುತ್ತುಗವೂ ಸಿಗುತ್ತದೆ. 2021ರಲ್ಲಿ ಹರಿಯಾಣದ ಪುರಾತತ್ವ ಇಲಾಖೆ ಇಲ್ಲಿಯ ಬಂಡೆಯಾಸರೆಗಳಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿರುವುದನ್ನು ದಾಖಲಿಸಿತು, ಶಿಲಾಯುಗದ ಉಪಕರಣಗಳೂ ದೊರೆತಿವೆ. ಹಳ್ಳಿಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿ ತಪ್ಪುವ ಭಯಕ್ಕಲ್ಲ. ಬನ ಅವರದು, ಅದಕ್ಕೆ. ಹಾಡಿನ ಸ್ಪೀಕರು, ಬಾಟಲಿ ಒಡೆಯುವ ಪಾರ್ಟಿ ಇಲ್ಲಿ ಆಗದು.

ಗುಂಪಿನಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ಮೆಹ್ರೋಲಿ. ಕುತುಬ್ ಮಿನಾರಿನ ಬೆನ್ನಿಗೇ ಇರುವ ಪುರಾತತ್ವ ಉದ್ಯಾನದಲ್ಲಿ ಬಲ್ಬನ್‌ನ ಗೋರಿ, ಜಮಾಲಿ-ಕಮಾಲಿ ಮಸೀದಿ, 1506ರ ರಾಜೋಂ ಕಿ ಬಾವಲಿ. ಊರಿನ ಕಲ್ಯಾಣಿಗಳನ್ನು ನೋಡಿ ಬೆಳೆದವರು ಆ ಮೆಟ್ಟಿಲುಬಾವಿಯ ಕಟ್ಟೆ ಬಿಟ್ಟು ಏಳುವುದೇ ಇಲ್ಲ. ಹತ್ತಿರದ ಸಂಜಯ್ ವನದಲ್ಲಿ ಕಾಲು ಗಟ್ಟಿಯಿರುವವರು ಸುತ್ತಾಡಿ ಬರಬಹುದು.

ವಾಹನದ ಬಗ್ಗೆ ಒಂದು ಮಾತು. ಮಾಂಗರ್‌ಗೆ ಹೋಗುವಾಗ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಉತ್ತರ ಪ್ರದೇಶ, ದೆಹಲಿ, ಹರಿಯಾಣ ಎಂದು ಮೂರು ರಾಜ್ಯ ದಾಟುತ್ತೀರಿ. ಹತ್ತು ಹನ್ನೆರಡು ಜನರಿಗೆ ಟೆಂಪೋ ಟ್ರಾವೆಲರ್ ಗೊತ್ತು ಮಾಡುವಾಗ ಮೂರೂ ಕಡೆಯ ಪರ್ಮಿಟ್ ಇದೆಯೇ, ತೆರಿಗೆ ಮತ್ತು ಟೋಲ್ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಗಡಿಯಲ್ಲಿ ಗಾಡಿ ನಿಲ್ಲಿಸಿ ಚರ್ಚೆಗೆ ಇಳಿದರೆ ಬೆಳಗಿನ ತಂಪೆಲ್ಲ ಅಲ್ಲೇ ಮುಗಿಯುತ್ತದೆ. ಮೆಟ್ರೋ ನೆಚ್ಚುವವರಿಗೆ ಮೆಹ್ರೋಲಿ ಸರಿ: 2019ರಲ್ಲಿ ಶುರುವಾದ ಆಕ್ವಾ ಲೈನಿನಲ್ಲಿ ಸೆಕ್ಟರ್ 51, ಅಲ್ಲಿಂದ ನಡೆದು ಸೆಕ್ಟರ್ 52ರ ಬ್ಲೂ ಲೈನ್, ಬೊಟಾನಿಕಲ್ ಗಾರ್ಡನ್‌ನಲ್ಲಿ ಮಜೆಂಟಾ, ಹೌಜ್ ಖಾಸ್‌ನಲ್ಲಿ ಯೆಲ್ಲೋ, ಕುತುಬ್ ಮಿನಾರ್ ನಿಲ್ದಾಣ. ಎರಡು ಗಂಟೆ ಹಿಡಿಯುತ್ತದೆ. ಭಾನುವಾರ ಆಕ್ವಾ ಲೈನ್ ತಡವಾಗಿ ಏಳುವುದರಿಂದ ದೂರದ ನಡಿಗೆಯನ್ನು ಶನಿವಾರಕ್ಕೇ ಇಟ್ಟುಕೊಳ್ಳುವುದು ಲೇಸು.

ಹತ್ತು ಜನ ನಡೆಯುವ ಬಗೆ

ಒಬ್ಬರೇ ನಡೆಯುವುದಕ್ಕೂ ಹತ್ತು ಜನ ನಡೆಯುವುದಕ್ಕೂ ಹೊತ್ತಿನ ಲೆಕ್ಕ ಬೇರೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸೂತ್ರ ಕೊಟ್ಟ, ಇವತ್ತಿಗೂ ಚಾರಣಿಗರು ಬಳಸುವುದು ಅದನ್ನೇ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏಳು ಕಿಲೋಮೀಟರ್ ಉದ್ದ, ಒಟ್ಟು 150 ಮೀಟರ್ ಏರು ಇರುವ ದಾರಿಗೆ ಅವನ ಪ್ರಕಾರ ಒಂದು ಗಂಟೆ ನಲವತ್ತು ನಿಮಿಷ ಸಾಕು. ಅವನ ಲೆಕ್ಕದಲ್ಲಿ ಸೆಲ್ಫಿ ಇರಲಿಲ್ಲ, ನವಿಲಿನ ಹಿಂದೆ ಓಡುವ ಮಕ್ಕಳೂ ಇರಲಿಲ್ಲ. ಮಕ್ಕಳು ಮರಿ ಸೇರಿದ ಗುಂಪಿಗೆ ಅದನ್ನು ದುಪ್ಪಟ್ಟು ಮಾಡಿ, ತಿಂಡಿಗೆ ಅರ್ಧ ಗಂಟೆ ಸೇರಿಸಿ. ನಾಲ್ಕು ಗಂಟೆ ಎಂದಿಟ್ಟುಕೊಂಡರೆ ನಿಶ್ಚಿಂತೆ.

ಗುಂಪಿನ ನಡಿಗೆ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ. ಚುರುಕಾದವರು ಮುಂದೆ ಹೋಗಿ ಬಂಡೆಯ ಮೇಲೆ ಕೂತು ಕಾಯುತ್ತಾರೆ. ನಿಧಾನದವರು ಬೆವರು ಒರೆಸುತ್ತ ಅಲ್ಲಿಗೆ ಬಂದು ತಲುಪಿದ ಕ್ಷಣವೇ ಇವರು ‘ಬಂದ್ರಾ? ಸರಿ, ಹೊರಡೋಣ’ ಎಂದು ಏಳುತ್ತಾರೆ. ಬೇಡದವರಿಗೆ ವಿಶ್ರಾಂತಿ ಸಿಕ್ಕಿತು, ಬೇಕಾದವರಿಗೆ ಇಲ್ಲ. ಮೂರನೆಯ ಸಲ ಹೀಗಾಗುವಷ್ಟರಲ್ಲಿ ಯಾರಾದರೂ ‘ನೀವು ಹೋಗ್ಬನ್ನಿ, ನಾವಿಲ್ಲೇ ಇರ್ತೀವಿ’ ಎನ್ನುತ್ತಾರೆ. ಇದಕ್ಕೆ ಮದ್ದು ಸುಲಭ: ವಿಶ್ರಾಂತಿಯ ಗಡಿಯಾರ ಶುರುವಾಗುವುದು ಕೊನೆಯವರು ಕೂತ ಮೇಲೆ. ಅತಿ ನಿಧಾನದವರನ್ನು ಮುಂದಿನಿಂದ ಎರಡನೆಯ ಜಾಗದಲ್ಲಿ ನಡೆಸಿದರೆ ಇಡೀ ಸಾಲು ತಾನಾಗಿ ಅವರ ವೇಗಕ್ಕೆ ಇಳಿಯುತ್ತದೆ, ಯಾರಿಗೂ ಅವಮಾನವಿಲ್ಲ. ದಾರಿ ಬಲ್ಲವರೊಬ್ಬರು ಮುಂದೆ, ತಾಳ್ಮೆಯವರೊಬ್ಬರು ಕಟ್ಟಕಡೆಗೆ. ಕಟ್ಟಕಡೆಯವರಿಗಿಂತ ಯಾರೂ ಹಿಂದೆ ಬೀಳಬಾರದು. ಕವಲು ಬಂದಲ್ಲೆಲ್ಲ ನಿಂತು ತಲೆ ಎಣಿಸಿ. ಕಣಿವೆಯೊಳಗೆ ಫೋನಿನ ಸಿಗ್ನಲ್ ನೆಚ್ಚಿಕೊಳ್ಳುವಂಥದ್ದಲ್ಲ, ‘ಲೈವ್ ಲೊಕೇಶನ್ ಹಾಕಿದ್ದೀನಲ್ಲ’ ಎನ್ನುವವರ ಮಾತಿಗೆ ಮರುಳಾಗಬೇಡಿ.

ನೀರು ತಲೆಗೆ ಎರಡು ಲೀಟರ್. ಅಕ್ಟೋಬರಿನ ಒಣ ಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ; ಅಂಗಿ ಒದ್ದೆಯಾಗದ್ದರಿಂದ ಕರಾವಳಿಯವರಿಗೆ ತಾವು ಬೆವರುತ್ತಿದ್ದೇವೆ ಎಂದೇ ಗೊತ್ತಾಗುವುದಿಲ್ಲ. ಬಾಯಾರುವ ತನಕ ಕಾಯದೆ ಗುಟುಕು ಗುಟುಕಾಗಿ ಕುಡಿಸಿ. ಬಳ್ಳಾರಿ ಜಾಲಿಯ ಮುಳ್ಳು ತೆಳು ಅಟ್ಟೆಯ ಶೂವನ್ನು ಸಲೀಸಾಗಿ ದಾಟುತ್ತದೆ. ಗಟ್ಟಿ ಅಟ್ಟೆ, ಉದ್ದ ಪ್ಯಾಂಟು, ಚೀಲದಲ್ಲೊಂದು ಚಿಮುಟ ಇರಲಿ. ಹಾವುಗಳು ಇನ್ನೂ ಚಳಿಗೆ ಒಳಸೇರಿರುವುದಿಲ್ಲ, ಬಂಡೆಯ ಸಂದಿಗೆ ಕೈ ಹಾಕುವ ಮಕ್ಕಳನ್ನು ತಡೆಯಿರಿ. ಬುತ್ತಿಗೆ ಪುಳಿಯೋಗರೆಯನ್ನು ಮೀರಿಸಿದ್ದು ಇಲ್ಲ: ಹುಣಿಸೆ ಮತ್ತು ಎಣ್ಣೆಯಿಂದ ಹಳಸದೆ ಉಳಿಯುತ್ತದೆ, ಉಪ್ಪೂ ಸಿಗುತ್ತದೆ. ಚಪಾತಿ, ಶೇಂಗಾ ಚಟ್ನಿಪುಡಿ ಜೊತೆಗಿರಲಿ. ಮೊಸರನ್ನ ಮನೆಗೆ ಮರಳಿದ ಮೇಲೆ.

ಮನೆಯೊಳಗೆ

ಗ್ರೇಟರ್ ನೋಯ್ಡಾದಲ್ಲಿ ನೆಂಟರು ಮೊದಲು ಎದುರಿಸುವುದು ಸೊಸೈಟಿಯ ಗೇಟು. ರಾತ್ರಿ ಹನ್ನೊಂದಕ್ಕೆ ಮೂರು ಟ್ಯಾಕ್ಸಿಯಲ್ಲಿ ಬಂದವರನ್ನು ಒಬ್ಬೊಬ್ಬರಾಗಿ ಆ್ಯಪಿನಲ್ಲಿ ಒಪ್ಪಿಗೆ ಕೊಟ್ಟು ಒಳಗೆ ಬಿಡಿಸಿಕೊಳ್ಳುವ ಬದಲು, ಹಿಂದಿನ ದಿನವೇ ಗುಂಪಿನ ಪಾಸ್ ಮಾಡಿ ಕೋಡ್ ಕಳಿಸಿಬಿಡಿ. ಅತಿಥಿಗಳ ಪಾರ್ಕಿಂಗ್, ಕ್ಲಬ್‌ಹೌಸಿನ ಅತಿಥಿ ಕೋಣೆ ಇದ್ದರೆ ಎರಡು ವಾರ ಮುಂಚೆ ಕೇಳಿ. ಹಬ್ಬದ ತಿಂಗಳಲ್ಲಿ ಎಲ್ಲರ ಮನೆಗೂ ಜನ.

ಎರಡನೆಯದು ನೀರು. ಇಲ್ಲಿಯ ಕೊಳವೆಬಾವಿಯ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ತೊಗರಿಬೇಳೆ ಕರಗದಿರುವುದಕ್ಕೆ ಅಂಗಡಿಯವನನ್ನು ಬೈಯಬೇಡಿ. ಹತ್ತು ಜನರ ಸಾರಿಗೆ ಆರ್‌ಓ ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಡಿ, ಬೇಳೆಯನ್ನೂ ಅದರಲ್ಲೇ ನೆನೆಸಿ. ಸೋಪು ನೊರೆ ಬರುವುದಿಲ್ಲ, ಕೂದಲು ಜಡೆಗಟ್ಟುತ್ತದೆ ಎಂಬ ದೂರುಗಳೂ ಬರುತ್ತವೆ. ಕೊನೆಯ ಚೊಂಬಿಗೆ ಒಂದಿಷ್ಟು ಆರ್‌ಓ ನೀರು ಕೊಟ್ಟು ಸಮಾಧಾನ ಮಾಡಿ.

ಅಕ್ಟೋಬರ್ ಈ ಭಾಗದಲ್ಲಿ ಡೆಂಗಿಯ ತುತ್ತತುದಿಯ ತಿಂಗಳೂ ಹೌದು. ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಮರಿ ಮಾಡುವುದು ನಿಂತ ತಿಳಿನೀರಿನಲ್ಲಿ. ಸೆಪ್ಟೆಂಬರ್‌ನಲ್ಲಿ ಸ್ವಿಚ್ ಆರಿಸಿ ಬಾಲ್ಕನಿಯಲ್ಲಿ ಮರೆತ ಏರ್ ಕೂಲರಿನ ತೊಟ್ಟಿಯನ್ನು ಒಮ್ಮೆ ಇಣುಕಿ ನೋಡಿ. ನೆಂಟರಿಗೆ ಹೊಸ ಬೆಡ್‌ಶೀಟು ತರುವುದಕ್ಕಿಂತ ಆ ತೊಟ್ಟಿ ಖಾಲಿ ಮಾಡುವುದು ದೊಡ್ಡ ಉಪಚಾರ.

ಅಡುಗೆಯಲ್ಲಿ ಊರಿನ ರುಚಿಯನ್ನೇ ಬಡಿಸಬೇಕೆಂದು ಹೆಣಗಬೇಡಿ. ಬೆಂಗಳೂರಿನವರಿಗೆ ನಿಮ್ಮ ಮಸಾಲೆದೋಸೆ ಅಚ್ಚರಿಯಲ್ಲ. ಆಗಷ್ಟೇ ಕೆರೆಗಳಿಂದ ಕಿತ್ತು ತಳ್ಳುಗಾಡಿಗೆ ಬಂದ ಸಿಂಘಾಡ, ಮೂಲಂಗಿ ಪರಾಠ, ಮಣ್ಣಿನ ಕುಲ್ಹಡ್‌ನ ಚಹಾ ಅವರಿಗೆ ಹೊಸತು. ಶನಿವಾರ ಮಧ್ಯಾಹ್ನ ಚಾರಣದಿಂದ ದಣಿದು ಬಂದ ಗುಂಪಿಗೆ ಮಾತ್ರ ಸಾರು-ಅನ್ನವೇ ಬೇಕು, ಅದೂ ಸೋನಾ ಮಸೂರಿಯದು. ಬಾಸ್ಮತಿಗೆ ಸಾರು ಹಿಡಿಯುವುದಿಲ್ಲ. ಮಾಡಲು ತ್ರಾಣವಿಲ್ಲದಿದ್ದರೆ ಮೆಹ್ರೋಲಿಯಿಂದ ಮರಳುವಾಗ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಟ್ಟಡದಲ್ಲಿರುವ ಕರ್ನಾಟಕ ಫುಡ್ ಸೆಂಟರಿನಲ್ಲಿ ಊಟ ಮುಗಿಸಿಕೊಂಡೇ ಬನ್ನಿ.

ಭಾನುವಾರ

ಭಾನುವಾರ ದೂರ ಹೋಗುವುದು ಬೇಡ. ಜಿಲ್ಲಾಧಿಕಾರಿ ಕಚೇರಿ ಇರುವ ಸೂರಜ್‌ಪುರದ ಬಳಿಯೇ ಸುಮಾರು 300 ಹೆಕ್ಟೇರಿನ ಮೀಸಲು ಅರಣ್ಯ, ಅದರೊಳಗೆ ಜೌಗು ಕೆರೆ. ಸಮತಟ್ಟು ದಾರಿ, ನೇರಳೆ ಜಂಬುಕೋಳಿ, ನೀಲಗಾಯ್. ಶನಿವಾರದ ಕಾಲುನೋವು ಇಲ್ಲಿ ಸಡಿಲವಾಗುತ್ತದೆ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೂ ಬರುತ್ತವೆ, ಆದರೆ ಅವುಗಳ ಹಿಂಡು ನೋಡಲು ಚಳಿಗಾಲ ಬಲಿಯಬೇಕು. ಅಕ್ಟೋಬರ್‌ನಲ್ಲಿ ಬಂದವರಿಗೆ ಹೆಬ್ಬಾತಿನ ಆಸೆ ಹುಟ್ಟಿಸದೆ ದನಕೌರ್ ಕಡೆಯ ಧನೌರಿ ಜೌಗಿಗೆ ಕರೆದೊಯ್ದು ಸಾರಸ್ ಕೊಕ್ಕರೆ ತೋರಿಸಿ. ಉತ್ತರ ಪ್ರದೇಶದ ರಾಜ್ಯಪಕ್ಷಿ, ಹಾರುವ ಹಕ್ಕಿಗಳಲ್ಲೇ ಅತಿ ಎತ್ತರದ್ದು. ಹತ್ತು ವರ್ಷದ ಮಗುವಿಗಿಂತ ಎತ್ತರವಾಗಿ ಜೋಡಿಯಾಗಿ ನಿಂತಿರುತ್ತವೆ. ಸುತ್ತಲಿನ ಹೊಲ ರೈತರದು, ಬದುವಿನ ಮೇಲಷ್ಟೇ ನಡೆಯಿರಿ.

ದಸರೆಗೆ ಬಂದವರಾದರೆ ಬಿಸ್ರಖ್ ಬಿಡಬೇಡಿ. ಗ್ರೇಟರ್ ನೋಯ್ಡಾ ಪಶ್ಚಿಮದ ಗಗನಚುಂಬಿಗಳ ಸಂದಿಯಲ್ಲಿ ಉಳಿದಿರುವ ಈ ಹಳ್ಳಿ ರಾವಣನ ಹುಟ್ಟೂರು, ಅವನ ತಂದೆ ವಿಶ್ರವಸ್ಸಿನ ಊರು ಎಂಬುದು ಇಲ್ಲಿಯವರ ನಂಬಿಕೆ. ಇಡೀ ಉತ್ತರ ಭಾರತ ವಿಜಯದಶಮಿಗೆ ರಾವಣನನ್ನು ಸುಡುವಾಗ ಬಿಸ್ರಖ್‌ನಲ್ಲಿ ಸುಡುವುದಿಲ್ಲ, ರಾಮಲೀಲೆಯೂ ನಡೆಯುವುದಿಲ್ಲ. ಮೈಸೂರಿನ ಜಂಬೂಸವಾರಿ ನೋಡಿದವರಿಗೆ ಇದು ದಸರೆಯ ಇನ್ನೊಂದು ಮುಖ.

ಊರಿಗೆ ಮರಳುವವರು ರೈಲಿನವರಾದರೆ ಬೆಂಗಳೂರು ರಾಜಧಾನಿ ಹಜರತ್ ನಿಜಾಮುದ್ದೀನ್‌ನಿಂದ, ಕರ್ನಾಟಕ ಎಕ್ಸ್‌ಪ್ರೆಸ್ ನವದೆಹಲಿಯಿಂದ ಹೊರಡುತ್ತವೆ, ಎರಡೂ ಸಂಜೆ ಕಳೆದ ಮೇಲೆ. ಭಾನುವಾರ ಸಂಜೆ ಕಾಲಿಂದಿ ಕುಂಜ್‌ನ ವಾಹನದಟ್ಟಣೆಯ ರಸ್ತೆ ನಂಬಿ ರೈಲು ಹಿಡಿಯಲು ಹೋಗಬೇಡಿ. ನಿಜಾಮುದ್ದೀನ್‌ಗೆ ಮೆಟ್ರೋ ಸಲೀಸು: ಸೆಕ್ಟರ್ 52ರಿಂದ ಬ್ಲೂ ಲೈನಿನಲ್ಲಿ ಮಯೂರ್ ವಿಹಾರ್-1, ಅಲ್ಲಿ ಪಿಂಕ್ ಲೈನಿಗೆ ಬದಲಿಸಿದರೆ ಮುಂದಿನದೇ ಸರಾಯ್ ಕಾಲೇ ಖಾನ್-ನಿಜಾಮುದ್ದೀನ್. ಪರಿ ಚೌಕದಿಂದ ರೈಲಿನ ಹೊತ್ತಿಗೆ ಎರಡೂವರೆ ಗಂಟೆ ಮುಂಚೆ ಹೊರಡಿ. ಸೆಕ್ಟರ್ 51ರಿಂದ 52ಕ್ಕೆ ನಡೆಯುವಾಗ ಸೂಟ್‌ಕೇಸ್ ಎಳೆಯಲು ಜೊತೆಗೆ ಒಬ್ಬರು ಹೋಗಿ. ರಾತ್ರಿ ಊಟಕ್ಕೆ ಉಳಿದ ಪುಳಿಯೋಗರೆಯ ಗೊಜ್ಜಿಗೆ ಹೊಸ ಅನ್ನ ಕಲಸಿ ಕಟ್ಟಿಕೊಟ್ಟರೆ ಮರುದಿನ ಬೆಳಗಿನ ತಿಂಡಿಗೂ ಆಗುತ್ತದೆ.